ಗುಂಡು ನಿಂತಿತು, ಒರಳು ತಿರುಗಿತು

ಗ್ರೈಂಡರ್ ಕೊಳ್ಳಲು ಹೋದವರಿಗೆ ಅಂಗಡಿಯವರು ‘ಇದು ಕೊಯಮತ್ತೂರಿನ ಮಾಲು’ ಎಂದರೆ ಸಾಕು, ಅರ್ಧ ವ್ಯಾಪಾರ ಕುದುರಿದಂತೆ. ಮೈಸೂರು ವೀಳ್ಯದೆಲೆಗೆ, ಇಳಕಲ್ ಸೀರೆಗೆ ಇರುವ ಭೌಗೋಳಿಕ ಸೂಚಕ ಮಾನ್ಯತೆ ‘ಕೊಯಮತ್ತೂರು ವೆಟ್ ಗ್ರೈಂಡರ್’ಗೂ ಇದೆ. ಎಲೆ, ಸೀರೆಗಳ ಆ ಪಟ್ಟಿಗೆ 2005-06ರಲ್ಲಿ ಅಡುಗೆಮನೆಯ ವಿದ್ಯುತ್ ಯಂತ್ರವೊಂದು ಸೇರಿತು.

ಈ ಯಂತ್ರದ ಮೂಲ ನಮ್ಮೆಲ್ಲರ ಹಿತ್ತಿಲಿನ ರುಬ್ಬುವ ಕಲ್ಲು. ಅಲ್ಲಿ ಒರಳು ನೆಲಕ್ಕೆ ಕಚ್ಚಿ ಕೂತಿರುತ್ತದೆ, ಗುಂಡನ್ನು ತಿರುಗಿಸುತ್ತ ಹೆಂಗಸರ ರಟ್ಟೆ ಸೋಲುತ್ತದೆ. 1955ರಲ್ಲಿ ಕೊಯಮತ್ತೂರಿನ ಪಿ. ಸಭಾಪತಿ ಮೊದಲ ವೆಟ್ ಗ್ರೈಂಡರ್ ತಯಾರಿಸಿದರು ಎನ್ನುತ್ತದೆ ಈ ಉದ್ಯಮದ ಚರಿತ್ರೆ. ಅದರ ಜಾಣ್ಮೆ ಇರುವುದು ಚಲನೆಯನ್ನು ತಿರುವುಮುರುವು ಮಾಡಿದ್ದರಲ್ಲಿ. ಗುಂಡನ್ನು ಒಂದೆಡೆ ಹಿಡಿದು ನಿಲ್ಲಿಸಿ, ಮೋಟಾರಿನಿಂದ ಒರಳನ್ನೇ ತಿರುಗಿಸಿದರೆ ಮುಗಿಯಿತು. ಮೋಟಾರು ನಿಮಿಷಕ್ಕೆ 1,440ರ ಆಸುಪಾಸಿನಲ್ಲಿ ಸುತ್ತಿದರೂ ಬೆಲ್ಟು ಆ ವೇಗವನ್ನು ತಗ್ಗಿಸಿ ಒರಳಿಗೆ ಕೊಡುತ್ತದೆ. ಕಲ್ಲು ಹಾಗೆಯೇ ಉಳಿಯಿತು, ರಟ್ಟೆಗೆ ಮಾತ್ರ ಬಿಡುವು ಸಿಕ್ಕಿತು.

ಇದು ಕೊಯಮತ್ತೂರಿನಲ್ಲೇ ಆಗಿದ್ದು ಆಕಸ್ಮಿಕವಲ್ಲ. 1930ರ ದಶಕದಲ್ಲಿ ನೀಲಗಿರಿಯ ಪೈಕಾರದಿಂದ ಜಲವಿದ್ಯುತ್ ಇಳಿದು ಬಂತು. ಹತ್ತಿ ಗಿರಣಿಗಳು ಬೆಳೆದವು, ಅವುಗಳ ಬಿಡಿಭಾಗಕ್ಕೆಂದು ಎರಕದ ಕಾರ್ಖಾನೆಗಳು, ಲೇತ್ ಶೆಡ್ಡುಗಳು ಎದ್ದವು. ಜಿ.ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು 1937ರಲ್ಲಿ ದೇಶೀ ವಿದ್ಯುತ್ ಮೋಟಾರು ತಯಾರಿಸಿದ್ದು ಇಲ್ಲಿಯೇ. ಬಾವಿಗೆ ಪಂಪು ಕೊಟ್ಟ ಊರು ಅಡುಗೆಮನೆಗೆ ಗ್ರೈಂಡರ್ ಕೊಟ್ಟಿತು. ಮೋಟಾರು, ಎರಕ, ಗ್ರಾನೈಟ್ ಕಲ್ಲು ಎಲ್ಲವೂ ಸುತ್ತಮುತ್ತಲೇ ಸಿಗುತ್ತಿದ್ದವು. ಮುಂದೆ ಒರಳನ್ನೇ ಬಗ್ಗಿಸಿ ಹಿಟ್ಟು ಸುರಿಯಬಲ್ಲ ಟಿಲ್ಟಿಂಗ್ ಗ್ರೈಂಡರ್, ಆಮೇಲೆ ಕಟ್ಟೆಯ ಮೇಲೆ ಕೂರುವ ಟೇಬಲ್‌ಟಾಪ್ ಬಂದವು.

ಮಿಕ್ಸಿ ಬಂದರೂ ಕಲ್ಲು ಏಕೆ ಸೋಲಲಿಲ್ಲ? ಮಿಕ್ಸಿಯ ಬ್ಲೇಡು ಕತ್ತರಿಸುತ್ತದೆ, ಅದರ ವೇಗಕ್ಕೆ ಹಿಟ್ಟು ಬಿಸಿಯಾಗುತ್ತದೆ. ಕಲ್ಲು ನಿಧಾನವಾಗಿ ಅರೆಯುತ್ತದೆ. ಇಡ್ಲಿಯ ಉದ್ದು ನುಣ್ಣಗಾಗುತ್ತ ಗಾಳಿ ತುಂಬಿಕೊಂಡು ಉಬ್ಬುತ್ತದೆ. ನೀರಿಗೆ ಬಿಟ್ಟ ಚಿಟಿಕೆ ಹಿಟ್ಟು ತೇಲಿದರೆ ಹದ ಬಂದಂತೆ. ರಾತ್ರಿ ಲ್ಯೂಕೊನೊಸ್ಟಾಕ್ ಮೀಸೆಂಟೆರಾಯ್ಡಿಸ್‌ನಂಥ ಬ್ಯಾಕ್ಟೀರಿಯಾಗಳು ಹುಳಿ ಬರಿಸಿ ಹೊಮ್ಮಿಸುವ ಅನಿಲವನ್ನು ಈ ಉದ್ದಿನ ಹಿಟ್ಟೇ ಹಿಡಿದಿಡುತ್ತದೆ.

ಹುದುಗಿಗಾಗಿ ಮನೆಯ ಸಾಮಾನಿಗೆ ಮೋಟಾರು ಜೋಡಿಸುವ ಬುದ್ಧಿ ಬೇರೆಡೆಯೂ ಇದೆ. ಅಮೆರಿಕದಲ್ಲಿ 1978ರ ಕಾಯ್ದೆ ಮನೆಬಳಕೆಗೆ ಬಿಯರ್ ತಯಾರಿಸಲು ದಾರಿ ಮಾಡಿಕೊಟ್ಟಿತು. ಅಲ್ಲಿನ ಹವ್ಯಾಸಿಗಳು ಹಳೆಯ ಕಂಪ್ಯೂಟರಿನ ಫ್ಯಾನ್ ಬಿಚ್ಚಿ, ಅದರ ನಡುವಿಗೆ ಹಾರ್ಡ್‌ಡಿಸ್ಕಿನ ಆಯಸ್ಕಾಂತ ಅಂಟಿಸಿ, ಪ್ಲಾಸ್ಟಿಕ್ ಡಬ್ಬಿಯೊಳಗೆ ಕೂರಿಸಿ, ಮೂಲೆಗೆ ಬಿದ್ದ ಚಾರ್ಜರಿನಿಂದ ಓಡಿಸುತ್ತಾರೆ. ಡಬ್ಬಿಯ ಮೇಲಿಟ್ಟ ಗಾಜಿನ ಪಾತ್ರೆಯಲ್ಲಿ ಇನ್ನೊಂದು ಪುಟ್ಟ ಆಯಸ್ಕಾಂತದ ಕಡ್ಡಿ ಗಿರಗಿರನೆ ಸುತ್ತಿ, ಬಿಯರ್ ಹುದುಗಿಸಲೆಂದು ಬೆಳೆಸುವ ಯೀಸ್ಟ್ ತಳ ಸೇರದಂತೆ ನೋಡಿಕೊಳ್ಳುತ್ತದೆ. ಗಾಳಿ ಸಿಕ್ಕ ಯೀಸ್ಟ್ ಬೇಗ ಹೆಚ್ಚುತ್ತದೆ. ತಮಿಳುನಾಡಿನಲ್ಲಾಗಲಿ ಕರ್ನಾಟಕದಲ್ಲಾಗಲಿ ಪರವಾನಗಿಯಿಲ್ಲದೆ ಮನೆಯಲ್ಲಿ ಬಿಯರ್ ಮಾಡುವಂತಿಲ್ಲ. ನಮ್ಮ ಇಡ್ಲಿ ಹಿಟ್ಟಿನಲ್ಲಾದರೆ ಮೋಟಾರಿನ ಕೆಲಸ ಹುದುಗುವ ಮೊದಲೇ ಮುಗಿಯುತ್ತದೆ. ಆಮೇಲೆ ಹಿಟ್ಟನ್ನು ಯಾರೂ ಕದಡಬಾರದು.

ಕೊಯಮತ್ತೂರಿನ ಸಣ್ಣ ಘಟಕಗಳ ಏಳುಬೀಳು ಸರ್ಕಾರದ ಕೈಯಲ್ಲೂ ಇದೆ. 2011ರಲ್ಲಿ ಜಯಲಲಿತಾ ಸರ್ಕಾರ ಮಿಕ್ಸಿ, ಗ್ರೈಂಡರ್, ಫ್ಯಾನ್ ಉಚಿತವಾಗಿ ಹಂಚತೊಡಗಿತು. ಕಲ್ಲಿನ ಗ್ರೈಂಡರಿನ ಮೇಲಿನ ಜಿಎಸ್‌ಟಿ 2019ರಲ್ಲಿ ಶೇ 12ರಿಂದ ಶೇ 5ಕ್ಕೆ ಇಳಿದು, 2022ರ ಜುಲೈನಲ್ಲಿ ಒಮ್ಮೆಲೇ ಶೇ 18ಕ್ಕೆ ಏರಿತು.

ಈಗ ಹಿಟ್ಟೇ ಪೊಟ್ಟಣದಲ್ಲಿ ಸಿಗುತ್ತದೆ. ಮನೆಯ ಗ್ರೈಂಡರ್ ಅಟ್ಟ ಸೇರುತ್ತಿರುವುದು ನಿಜ. ಆದರೆ ಬೀದಿ ಕೊನೆಯ ಹಿಟ್ಟಿನಂಗಡಿಯಲ್ಲಿ, ಹೋಟೆಲಿನ ಹಿಂಬದಿಯಲ್ಲಿ ತಿರುಗುವುದು ಅದೇ ಗ್ರೈಂಡರಿನ ದೊಡ್ಡ ಅವತಾರ. ರುಬ್ಬುವ ಕೆಲಸ ಮೊದಲು ರಟ್ಟೆಯಿಂದ ಮೋಟಾರಿಗೆ ಹೋಯಿತು, ಈಗ ಮನೆಯಿಂದ ಅಂಗಡಿಗೆ ಹೋಗುತ್ತಿದೆ. ಕಲ್ಲಿಗೆ ಬದಲಿಯನ್ನು ಮಾತ್ರ ಇಡ್ಲಿ ಇನ್ನೂ ಒಪ್ಪಿಲ್ಲ.