ಬೆಂಗಳೂರಿಗೂ ಸ್ಯಾನ್ ಫ್ರಾನ್ಸಿಸ್ಕೋವಿಗೂ ಎಷ್ಟು ದೂರ?

ಮಗನೋ ಮಗಳೋ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಮನೆಗಳು ಈಗ ಬೆಂಗಳೂರಿನಲ್ಲಿ ಬೀದಿಗೆ ನಾಲ್ಕಾರು ಉಂಟು. ಅಂತಹ ಮನೆಯ ವೃದ್ಧೆಯೊಬ್ಬರು ನಮ್ಮನ್ನು ಕೇಳಿದರು: “ನಾನು ಹಠಾತ್ತಾಗಿ ಹಾಸಿಗೆ ಹಿಡಿದೆನೆನ್ನಿ, ಮಗನಿರುವ ಊರು ಎಷ್ಟು ದೂರ?” ನಾವು ಎಂಟು ಸಾವಿರದ ಏಳುನೂರು ಮೈಲಿಗಳೆಂದೆವು. “ಮೈಲಿಯನ್ನು ಕಟ್ಟಿಕೊಂಡು ನನಗೇನು? ಗಂಟೆಯನ್ನು ಹೇಳಿ” ಎಂದರು. ಆ ಗಂಟೆಯ ಲೆಕ್ಕವು ನಾವು ತಿಳಿದುಕೊಂಡಿದ್ದಷ್ಟು ಸುಲಭವಾಗಿರಲಿಲ್ಲ.

ಗೋಡೆಯ ಭೂಪಟವನ್ನು ನೋಡಿದರೆ ದಾರಿಯು ಪೆಸಿಫಿಕ್ ಸಾಗರದ ಮೇಲೆ ಅಡ್ಡಲಾಗಿ ಹಾದಂತೆ ತೋರುತ್ತದೆ. ಭೂಪಟವನ್ನು ಬಿಟ್ಟು ಮಕ್ಕಳ ಭೂಗೋಳವನ್ನು ತೆಗೆದುಕೊಂಡು, ಎರಡು ಊರುಗಳ ನಡುವೆ ಒಂದು ದಾರವನ್ನು ಬಿಗಿಯಾಗಿ ಎಳೆದು ನೋಡಿರಿ. ದಾರವು ಹಿಮಾಲಯವನ್ನೂ ಟಿಬೆಟ್ಟನ್ನೂ ದಾಟಿ, ಸೈಬೀರಿಯಾದ ಉತ್ತರದ ಅಂಚಿಗೇರಿ, ಅಲಾಸ್ಕದ ಮೇಲಿನಿಂದ ಇಳಿದುಬರುತ್ತದೆ. ಇದೇ ಅತ್ಯಂತ ಹತ್ತಿರದ ದಾರಿ. ಸುಮಾರು 14,000 ಕಿಲೋಮೀಟರು. ಆದರೆ ವಿಮಾನಗಳು ಟಿಬೆಟ್ಟಿನ ಮೇಲೆ ಹಾರಲು ಹಿಂದೆಗೆಯುತ್ತವೆ. ಒಳಗಿನ ಗಾಳಿಯ ಒತ್ತಡವು ಕುಸಿದರೆ ವಿಮಾನವು ಕೂಡಲೇ ಹತ್ತು ಸಾವಿರ ಅಡಿಯವರೆಗೆ ಇಳಿಯಬೇಕು. ಅಲ್ಲಿಯಾದರೋ ನೆಲವೇ ಹದಿನಾಲ್ಕು ಸಾವಿರ ಅಡಿಗೂ ಮಿಗಿಲು. ಇನ್ನು ನೆಟ್ಟಗೆ ಉತ್ತರ ಧ್ರುವದ ನೆತ್ತಿಯ ಮೇಲೆಯೇ ಹಾದುಹೋದರೂ ಹೆಚ್ಚುವುದು ನಾನೂರು ಕಿಲೋಮೀಟರಿಗಿಂತ ಕಡಿಮೆ.

ಹಾಗೆಯೇ ಬಂದವರೂ ಉಂಟು. 2021ನೆಯ ಜನವರಿ 9ರ ರಾತ್ರಿ ಎಂಟೂವರೆಯ ಸುಮಾರಿಗೆ ಏರ್ ಇಂಡಿಯಾದ ಬೋಯಿಂಗ್ 777 ವಿಮಾನವೊಂದು ಸ್ಯಾನ್ ಫ್ರಾನ್ಸಿಸ್ಕೋವನ್ನು ಬಿಟ್ಟು, ಧ್ರುವಪ್ರದೇಶದ ಮೇಲೆ ಹಾದು, ಎಲ್ಲಿಯೂ ಇಳಿಯದೆ, ಸುಮಾರು ಹದಿನೇಳು ಗಂಟೆಗಳಲ್ಲಿ ಬೆಂಗಳೂರನ್ನು ಸೇರಿತು. ಕ್ಯಾಪ್ಟನ್ ಜೋಯಾ ಅಗರ್‌ವಾಲರೂ ಅವರ ಜತೆಯ ಮೂವರು ಚಾಲಕರೂ ಸ್ತ್ರೀಯರೇ. ವಿಮಾನವು ಇಳಿದಾಗ 11ನೆಯ ತಾರೀಖಿನ ಬೆಳಗಿನ ಜಾವ. ನಡುವಣ 10ನೆಯ ತಾರೀಖು ಏನಾಯಿತೆಂದು ಕೇಳುವಿರೋ? ಚಳಿಗಾಲದಲ್ಲಿ ನಮ್ಮ ಗಡಿಯಾರವು ಅಲ್ಲಿಯದಕ್ಕಿಂತ ಹದಿಮೂರೂವರೆ ಗಂಟೆ ಮುಂದು. ಅವರು ಹೊರಟಾಗಲೇ ನಮಗೆ 10ರ ಬೆಳಿಗ್ಗೆ ಹತ್ತು ಗಂಟೆ. ಬೇಸಿಗೆಯಲ್ಲಿ ಅಲ್ಲಿನವರು ಗಡಿಯಾರವನ್ನು ಒಂದು ಗಂಟೆ ಮುಂದೂಡುವುದರಿಂದ ಅಂತರವು ಹನ್ನೆರಡೂವರೆಗೆ ಇಳಿಯುತ್ತದೆ.

ದೂರವು ಹೆಚ್ಚಿದರೆ ಹೊತ್ತೂ ಹೆಚ್ಚಬೇಕೆಂಬ ನಿಯಮವೂ ಆಕಾಶದಲ್ಲಿಲ್ಲ. ಮೊದಲು ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋವಿಗೆ ಹೋಗುವ ವಿಮಾನವು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು. 2016ನೆಯ ಅಕ್ಟೋಬರಿನಲ್ಲಿ ಅದನ್ನು ಪೆಸಿಫಿಕ್ ಮೇಲೆ ತಿರುಗಿಸಿದರು. ದಾರಿಯು ಸಾವಿರ ಕಿಲೋಮೀಟರಿಗಿಂತ ಹೆಚ್ಚು ಉದ್ದವಾಗಿ 15,300 ಆಯಿತು. ಆದರೂ ಪಯಣವು ಹದಿನಾಲ್ಕೂವರೆ ಗಂಟೆಗಳಲ್ಲಿ ಮುಗಿದು, ಮೊದಲಿಗಿಂತ ಬೇಗನೆ ತಲಪಿತು. ಮೇಲಣ ಆಕಾಶದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಸದಾ ಬೀಸುವ ಬಿರುಗಾಳಿಯು ಮೊದಲು ಎದುರಾಗಿದ್ದುದು ಈಗ ಬೆನ್ನ ಹಿಂದಾಯಿತು. ಹೊಳೆಯಲ್ಲಿ ದೋಣಿ ನಡೆಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟನ್ನೂ ಕೇಳಿದ ವೃದ್ಧೆಯು, “ಸರಿ, ನನ್ನ ಮಗ?” ಎಂದರು. ನಾವು ಕಾಗದದ ಮೇಲೆ ಲೆಕ್ಕ ಹಾಕಿದೆವು. ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಇಲ್ಲಿಂದ ಕರೆ ಹೋಯಿತೆನ್ನಿ. ಅವನಿಗೆ ಅದು ಶನಿವಾರ ಸಂಜೆ ನಾಲ್ಕೂವರೆ. ಅಂದೇ ರಾತ್ರಿ ಎಂಟೂವರೆಗೆ ನೇರ ವಿಮಾನವಿದ್ದು, ಅದರಲ್ಲಿ ಅವನಿಗೊಂದು ಸ್ಥಳವೂ ದೊರೆತರೆ, ಸೋಮವಾರ ಬೆಳಗಾಗುವ ಮೊದಲು ಬೆಂಗಳೂರಿನಲ್ಲಿ ಇಳಿಯಬಲ್ಲನು. ದೇವನಹಳ್ಳಿಯಿಂದ ಮನೆಗೆ ಬರಲು ಮತ್ತೊಂದೆರಡು ಗಂಟೆ. ಆದರೆ ಇಂತಹ ನೇರ ಹಾರಾಟವು ದಿನದಿನವೂ ಇರುವುದಿಲ್ಲ; ಎಷ್ಟೋ ವೇಳೆ ತಿಂಗಳುಗಟ್ಟಲೆ ನಿಂತೂ ಹೋಗುತ್ತದೆ. ನಡುವೆ ಒಂದೂರಿನಲ್ಲಿ ಇಳಿದು ಬೇರೆ ವಿಮಾನವನ್ನು ಹತ್ತಬೇಕಾದರೆ ದಾರಿಯೇ ಇಪ್ಪತ್ತರಿಂದ ಇಪ್ಪತ್ತೈದು ಗಂಟೆಯಾಗುವುದು. ಆಗ ಸೋಮವಾರದ ಮಧ್ಯಾಹ್ನವೋ ರಾತ್ರಿಯೋ, ಕೆಲವೊಮ್ಮೆ ಮಂಗಳವಾರವೋ.

ಆಕೆ ಕ್ಷಣಕಾಲ ಸುಮ್ಮನಿದ್ದು, ಪಂಚಾಂಗದ ಅಂಚಿನಲ್ಲಿ ‘ಸೋಮವಾರ, ತಪ್ಪಿದರೆ ಮಂಗಳವಾರ’ ಎಂದು ಬರೆದುಕೊಂಡರು. ಬಳಿಕ ಗಡಿಯಾರದತ್ತ ತಿರುಗಿ, ಅಲ್ಲಿ ಈಗ ಅವನಿಗೆ ಊಟದ ಹೊತ್ತೋ ಮಲಗುವ ಹೊತ್ತೋ ಎಂದು ಕೇಳಿದರು.