ಸಿಂಗಾಪುರದ ಕಾನೂನುಗಳು ಮತ್ತು ವಿದೇಶಿ ಪ್ರವಾಸಿಗರು

ಸಿಂಗಾಪುರ ಗಣರಾಜ್ಯದ ಮಾದಕವಸ್ತು, ವಲಸೆ ಹಾಗೂ ಸಾರ್ವಜನಿಕ ಶಿಸ್ತಿನ ಕಾನೂನುಗಳು ಕಟ್ಟುನಿಟ್ಟಿಗೆ ಹೆಸರಾಗಿವೆ. ಇವು ಅಲ್ಲಿನ ನಾಗರಿಕರಂತೆಯೇ ಕೆಲವು ದಿನಗಳ ಮಟ್ಟಿಗೆ ಬಂದ ಪ್ರವಾಸಿಗರಿಗೂ ಅನ್ವಯಿಸುತ್ತವೆ. ಚ್ಯೂಯಿಂಗ್ ಗಮ್ ನಿಷೇಧದ ಕುತೂಹಲವೇ ಜನಜನಿತವಾಗಿದ್ದರೂ, ಪ್ರವಾಸಿಗರಿಗೆ ಹೆಚ್ಚಿನ ಅಪಾಯವಿರುವುದು ತಮ್ಮೂರಿನಲ್ಲಿ ಸಾಮಾನ್ಯವಾಗಿರುವ ವಸ್ತುಗಳನ್ನು ಒಯ್ಯುವುದರಲ್ಲಿ ಮತ್ತು ಇತರರ ಚೀಲಗಳನ್ನು ಹೊರುವುದರಲ್ಲಿ.

ಮಾದಕವಸ್ತುಗಳು

1973ರ ಮಾದಕವಸ್ತು ದುರುಪಯೋಗ ಕಾಯ್ದೆಯ ಪ್ರಕಾರ 15 ಗ್ರಾಂಗಿಂತ ಹೆಚ್ಚು ಶುದ್ಧ ಹೆರಾಯಿನ್, 30 ಗ್ರಾಂಗಿಂತ ಹೆಚ್ಚು ಕೊಕೇನ್ ಅಥವಾ 500 ಗ್ರಾಂಗಿಂತ ಹೆಚ್ಚು ಗಾಂಜಾವನ್ನು ದೇಶದೊಳಗೆ ತರುವುದು ಮರಣದಂಡನೆಗೆ ಗುರಿಯಾಗುವ ಅಪರಾಧ. ಈ ಪ್ರಮಾಣಗಳಿಗಿಂತ ಹೆಚ್ಚು ಗಮನಾರ್ಹವಾದುದು ಕಾಯ್ದೆಯಲ್ಲಿರುವ ಪೂರ್ವಭಾವನೆಯ ನಿಯಮ. ಮಾದಕವಸ್ತುವಿರುವ ಚೀಲ ಅಥವಾ ಪೊಟ್ಟಣ ಒಬ್ಬನ ವಶದಲ್ಲಿ ದೊರೆತರೆ, ಒಳಗಿನ ವಸ್ತುವೂ ಅವನ ವಶದಲ್ಲಿತ್ತೆಂದು ನ್ಯಾಯಾಲಯ ಭಾವಿಸುತ್ತದೆ. ಅದು ಏನೆಂಬುದು ಅವನಿಗೆ ಗೊತ್ತಿತ್ತೆಂದೂ ಭಾವಿಸುತ್ತದೆ. ಗೊತ್ತಿರಲಿಲ್ಲವೆಂದು ರುಜುವಾತುಪಡಿಸುವ ಹೊಣೆ ಆರೋಪಿಯದು. ಪರಿಚಯದವರು 'ನಮ್ಮ ಮಗನಿಗೆ ತಲುಪಿಸಿ' ಎಂದು ಕೊಟ್ಟ ಪೊಟ್ಟಣವನ್ನು ಬಿಚ್ಚಿ ನೋಡದೆ ಒಯ್ಯುವುದು ಇಲ್ಲಿ ಸೌಜನ್ಯದ ನಡೆ. ಅಲ್ಲಿ ಅದು ಪ್ರಾಣಕ್ಕೇ ಕುತ್ತಾಗಬಹುದು.

ಗಸಗಸೆ ಮತ್ತು ಔಷಧಿಗಳು

ಕರ್ನಾಟಕದ ಮನೆಗಳಲ್ಲಿ ಪಾಯಸಕ್ಕೂ ಸಾಗುವಿಗೂ ಬಳಸುವ ಗಸಗಸೆ ಅಫೀಮು ಗಿಡದ ಬೀಜವಾಗಿದೆ. ಬೀಜದಲ್ಲಿ ಅಮಲಿನ ಅಂಶ ಅತ್ಯಲ್ಪವಾದರೂ, ಕಾಯಿಯ ಹಾಲಿನಿಂದ ಅಂಟಿಕೊಂಡ ಮಾರ್ಫಿನ್ ಅದರ ಮೇಲೆ ಉಳಿದಿರಬಹುದು. ಈ ಕಾರಣದಿಂದ ಸಿಂಗಾಪುರವು ಗಸಗಸೆಯನ್ನು ನಿಷೇಧಿತ ವಸ್ತುವೆಂದು ಪರಿಗಣಿಸುತ್ತದೆ. ಸಂಯುಕ್ತ ಅರಬ್ ಸಂಸ್ಥಾನದಲ್ಲಿಯೂ ಇದಕ್ಕೆ ನಿಷೇಧವಿದೆ. ಮಗಳ ಬಾಣಂತನಕ್ಕೆಂದು ಹೊರಟ ತಾಯಂದಿರ ಸಾಮಾನಿನಲ್ಲಿ ಮಸಾಲೆ ಪುಡಿಗಳ ನಡುವೆ ಇದು ಸೇರಿಕೊಳ್ಳುವುದು ಸಹಜವಾದುದರಿಂದ ಹೊರಡುವ ಮೊದಲೇ ನೋಡಿಕೊಳ್ಳುವುದು ಉಚಿತ. ಕೊಡೀನ್ ಇರುವ ಕೆಮ್ಮಿನ ಔಷಧಿ, ಕೆಲವು ನಿದ್ರೆಯ ಮಾತ್ರೆಗಳು ಮುಂತಾದವಕ್ಕೆ ಅಲ್ಲಿನ ಆರೋಗ್ಯ ವಿಜ್ಞಾನ ಪ್ರಾಧಿಕಾರದ ಪೂರ್ವಾನುಮತಿ ಬೇಕಾಗಬಹುದು. ಗುಟ್ಕಾ, ಖೈನಿಯಂತಹ ಜಗಿಯುವ ತಂಬಾಕಿಗೂ ಇ-ಸಿಗರೇಟಿಗೂ ನಿಷೇಧವಿದೆ.

ಛಡಿ ಏಟಿನ ಶಿಕ್ಷೆ

50 ವರ್ಷದೊಳಗಿನ ಪುರುಷರಿಗೆ ಸೆರೆವಾಸದ ಜೊತೆಗೆ ಛಡಿ ಏಟಿನ ಶಿಕ್ಷೆಯನ್ನೂ ವಿಧಿಸಲು ಅವಕಾಶವಿದೆ. 1994ರಲ್ಲಿ, ಅಲ್ಲಿ ವಾಸವಾಗಿದ್ದ ಅಮೆರಿಕದ ಹದಿಹರೆಯದ ಮೈಕೆಲ್ ಫೇ ಎಂಬಾತನಿಗೆ ಕಾರುಗಳನ್ನು ಹಾಳುಗೆಡವಿದ ಅಪರಾಧಕ್ಕಾಗಿ ಆರು ಏಟುಗಳನ್ನು ವಿಧಿಸಲಾಯಿತು. ಅಮೆರಿಕದ ಅಧ್ಯಕ್ಷ ಬಿಲ್ ಕ್ಲಿಂಟನ್ ಮನವಿ ಮಾಡಿದ ಮೇಲೆ ಶಿಕ್ಷೆ ನಾಲ್ಕು ಏಟುಗಳಿಗೆ ಇಳಿಯಿತೇ ಹೊರತು ರದ್ದಾಗಲಿಲ್ಲ. ವೀಸಾ ಅವಧಿ ಮುಗಿದ ಮೇಲೆ 90 ದಿನಗಳಿಗಿಂತ ಹೆಚ್ಚು ಕಾಲ ಉಳಿಯುವುದಕ್ಕೂ ಇದೇ ಬಗೆಯ ಶಿಕ್ಷೆಯಿರುವುದು ಅನೇಕರಿಗೆ ತಿಳಿದಿರುವುದಿಲ್ಲ.

ಚ್ಯೂಯಿಂಗ್ ಗಮ್

1992ರಲ್ಲಿ ಜಾರಿಗೆ ಬಂದ ನಿಷೇಧವು ಮುಖ್ಯವಾಗಿ ಆಮದು ಮತ್ತು ಮಾರಾಟಕ್ಕೆ ಸಂಬಂಧಿಸಿದೆ. ಜಗಿಯುವುದೇ ಅಪರಾಧವೆಂಬುದು ತಪ್ಪು ಕಲ್ಪನೆ. 2004ರಿಂದ ಚಿಕಿತ್ಸೆಗೆ ಬಳಸುವ ಗಮ್‌ಗೆ ವಿನಾಯಿತಿಯಿದೆ.

ರಾಯಭಾರ ಕಚೇರಿಯ ನೆರವು

1963ರ ವಿಯೆನ್ನಾ ಒಪ್ಪಂದದ 36ನೆಯ ವಿಧಿಯ ಪ್ರಕಾರ, ಬಂಧಿತನಾದ ವಿದೇಶಿಯು ಕೋರಿದರೆ ಅವನ ದೇಶದ ಪ್ರತಿನಿಧಿಗಳಿಗೆ ವಿಷಯ ತಿಳಿಸಬೇಕು. ಭಾರತೀಯರ ವಿಷಯದಲ್ಲಿ ಆ ಪ್ರತಿನಿಧಿ ಸಿಂಗಾಪುರದಲ್ಲಿರುವ ಭಾರತದ ಹೈಕಮಿಷನ್. ಅದರ ಅಧಿಕಾರಿಗಳು ಬಂಧಿತನನ್ನು ಭೇಟಿಯಾಗಬಹುದು, ವಕೀಲರನ್ನು ಗೊತ್ತುಮಾಡಲು ನೆರವಾಗಬಹುದು, ಮನೆಯವರಿಗೆ ಸುದ್ದಿ ಮುಟ್ಟಿಸಬಹುದು. ಮೊಕದ್ದಮೆಯನ್ನು ನಿಲ್ಲಿಸುವ ಅಧಿಕಾರ ಅವರಿಗಿಲ್ಲ.