ಧಮನಿಯ ಮೂಲಕ ಔಷಧ: ಪ್ರಾಸ್ಟೇಟ್ ಅರ್ಬುದಕ್ಕೆ ಎಷ್ಟು ಉಚಿತ?

ಅರ್ಬುದರೋಗದ ಚಿಕಿತ್ಸೆಯಲ್ಲಿ ಕಲ್ಕತ್ತೆಯದು ಹಳೆಯ ಹೆಸರು. ದೇಶಬಂಧು ಚಿತ್ತರಂಜನ ದಾಸರ ಹೆಸರಿನ ಕ್ಯಾನ್ಸರ್ ಆಸ್ಪತ್ರೆಯನ್ನು 1950ರ ಜನವರಿಯಲ್ಲಿ ಉದ್ಘಾಟಿಸಿದವರು ನೊಬೆಲ್ ಪುರಸ್ಕೃತೆ ಐರೀನ್ ಜೋಲಿಯೋ-ಕ್ಯೂರಿ. ಅದೇ 1987ರಲ್ಲಿ ಸಂಶೋಧನ ಕೇಂದ್ರದೊಡನೆ ಕೂಡಿ ಚಿತ್ತರಂಜನ್ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಾಯಿತು. ಆದುದರಿಂದಲೇ, ಊರಿನಲ್ಲಿರುವ ವೃದ್ಧ ತಂದೆಗೆ ಪ್ರಾಸ್ಟೇಟ್ ಅರ್ಬುದವೆಂದು ತಿಳಿದೊಡನೆ ಇಲ್ಲಿನ ಕನ್ನಡಿಗರು ಅವರನ್ನು ಈ ನಗರಕ್ಕೆ ಕರೆತರಲು ಯೋಚಿಸುವುದು ಸಹಜ. ಆಗ, ಧಮನಿಯ ಮೂಲಕ ನೇರವಾಗಿ ಔಷಧ ಕೊಡುವ ವಿಧಾನವೊಂದುಂಟೆಂಬ ಮಾತೂ ಕಿವಿಗೆ ಬೀಳಬಹುದು. ಠೇವಣಿ ಮುರಿಯುವ ಮುನ್ನ ಅದರ ತತ್ತ್ವವನ್ನರಿಯುವುದು ಲೇಸು.

ಸಾಮಾನ್ಯವಾಗಿ ರಾಸಾಯನಿಕ ಔಷಧವನ್ನು ಅಭಿಧಮನಿಗೆ ಕೊಡುತ್ತಾರೆ. ಅದು ಸರ್ವಾಂಗದಲ್ಲಿಯೂ ಸಂಚರಿಸುತ್ತದೆ. ಧಮನಿ ವಿಧಾನದಲ್ಲಿ, ಕ್ಷಕಿರಣದ ನೆರವಿನಿಂದ ಸೂಕ್ಷ್ಮ ನಳಿಕೆಯನ್ನು ತೊಡೆಯ ಸಂದಿನಿಂದ ತೂರಿಸಿ, ರೋಗಪೀಡಿತ ಅಂಗದ ಧಮನಿಗೇ ಔಷಧವನ್ನು ಹರಿಸುತ್ತಾರೆ. ಇಡೀ ತೋಟಕ್ಕೆ ನೀರು ಬಿಡುವ ಬದಲು ಒಂದೇ ಪಾತಿಗೆ ಕಾಲುವೆ ತಿರುಗಿಸಿದಂತೆ. ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ಕ್ರಮವು ನಳಿಕೆ ತೂರಿಸುವ ಕಾರ್ಯವನ್ನು ಸುಗಮಗೊಳಿಸಿತು. ಯಕೃತ್ತಿನ ಗೆಡ್ಡೆಗಳಲ್ಲಿಯೂ ಮಕ್ಕಳ ಅಕ್ಷಿಪಟಲದ ಅರ್ಬುದದಲ್ಲಿಯೂ ಇದು ಪ್ರಯೋಜನಕಾರಿಯೆಂದು ಸಿದ್ಧವಾಗಿದೆ.

ಆದರೆ ಪ್ರಾಸ್ಟೇಟಿನ ಸಂಗತಿ ಬೇರೆ. ಅದರ ಧಮನಿಗಳು ಅತಿ ಕಿರಿದು. ನೆರೆಯ ಮೂತ್ರಕೋಶ, ಗುದನಾಳಗಳ ಧಮನಿಗಳೊಡನೆ ಅವಕ್ಕೆ ಸಂಪರ್ಕವುಂಟು. ಔಷಧ ದಾರಿ ತಪ್ಪಿದರೆ ಆ ಅಂಗಗಳಿಗೇ ಅಪಾಯ. ರೋಗವು ಗ್ರಂಥಿಯೊಳಗೇ ಇದ್ದರೆ ಶಸ್ತ್ರಚಿಕಿತ್ಸೆ, ವಿಕಿರಣಗಳಿಂದ ಗುಣವಾಗುವ ಸಂಭವ ಹೆಚ್ಚು. ಮಂದಗತಿಯ ರೋಗಕ್ಕೆ ಎಚ್ಚರಿಕೆಯ ನಿಗಾ ಮಾತ್ರವೇ ಸಾಕಾಗುವುದೂ ಉಂಟು. ರೋಗವು ಬೆನ್ನುಮೂಳೆ, ಸೊಂಟದ ಮೂಳೆಗಳಿಗೆ ಹಬ್ಬಿದ್ದರೆ, ಒಂದು ಪಾತಿಗೆ ಹರಿಸಿದ ನೀರು ಉಳಿದ ತೋಟವನ್ನು ತಲುಪದು. ಅಂಥ ರೋಗಿಗೆ ದೇಹವನ್ನೆಲ್ಲ ಮುಟ್ಟುವ ಚಿಕಿತ್ಸೆಯೇ ಬೇಕು. ಪುರುಷ ಹಾರ್ಮೋನನ್ನು ತಗ್ಗಿಸಿದರೆ ಈ ರೋಗ ಕುಗ್ಗುವುದೆಂದು ಚಾರ್ಲ್ಸ್ ಹಗಿನ್ಸ್ 1941ರಲ್ಲಿ ತೋರಿಸಿದರು. ಅವರಿಗೆ 1966ರಲ್ಲಿ ನೊಬೆಲ್ ಪಾರಿತೋಷಕ ಲಭಿಸಿತು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ರೋಗದಲ್ಲಿ ಆಯುಸ್ಸನ್ನು ಹೆಚ್ಚಿಸುವುದೆಂದು 2004ರಲ್ಲಿ ಸಾಬೀತಾದ ಡೋಸಿಟ್ಯಾಕ್ಸೆಲ್ ಕೂಡ ಅಭಿಧಮನಿಗೆ ಕೊಡುವ ಔಷಧವೇ.

ಹೀಗಾಗಿ ಪ್ರಾಸ್ಟೇಟಿಗೆ ಧಮನಿ ಚಿಕಿತ್ಸೆಯು ಇಂದಿಗೂ ಪ್ರಯೋಗದ ಹಂತದ್ದೇ ಹೊರತು ರೂಢಿಯ ಚಿಕಿತ್ಸೆಯಲ್ಲ. ಯಾರಾದರೂ ಅದನ್ನು ಸೂಚಿಸಿದಲ್ಲಿ ಮೂರು ಪ್ರಶ್ನೆಗಳನ್ನು ಕೇಳಬೇಕು: ರೋಗ ಎಲ್ಲಿಯವರೆಗೆ ಹಬ್ಬಿದೆ? ರೂಢಿಯ ಚಿಕಿತ್ಸೆಗಳಲ್ಲಿ ಯಾವುದು ಬಾಕಿಯಿದೆ? ಇದು ಪ್ರಯೋಗವಾದರೆ ನೈತಿಕ ಸಮಿತಿಯ ಒಪ್ಪಿಗೆ ಇದೆಯೇ? ಉತ್ತರಗಳನ್ನು ಬರಹದಲ್ಲಿ ಪಡೆದು ಮತ್ತೊಬ್ಬ ತಜ್ಞರಿಗೆ ತೋರಿಸುವುದು ವೈದ್ಯರ ಮೇಲಿನ ಅವಿಶ್ವಾಸವಲ್ಲ. ಹಣ ಹೋದರೆ ಮತ್ತೆ ಗಳಿಸಬಹುದು. ತಕ್ಕ ಚಿಕಿತ್ಸೆಗೆ ಸಲ್ಲಬೇಕಾದ ತಿಂಗಳುಗಳು ಕಳೆದರೆ ಮರಳಿ ಬಾರವು.